ಮಗಳ ಮೈನರ್, ನನ್ನ ಮೈಕ್ರೋಮೀಟರ್

ನಮ್ಮ ಮನೆಯಲ್ಲಿ ಇಷ್ಟು ದಿನ ‘ಮೈನರ್’ ಅಂದರೆ ಹದಿನೆಂಟು ತುಂಬದವರು ಎಂದಷ್ಟೇ ಅರ್ಥವಿತ್ತು. ಮಗಳು ಕಂಪ್ಯೂಟರ್ ಸೈನ್ಸ್‌ಗೆ ಸೇರಿದ ಮೇಲೆ ಇನ್ನೊಂದು ಅರ್ಥ ತಿಳಿಯಿತು. ಎಐಸಿಟಿಇ 2018ರಲ್ಲಿ ತಂದ ಮಾದರಿ ಪಠ್ಯಕ್ರಮದ ಪ್ರಕಾರ ಇಂಜಿನಿಯರಿಂಗ್ ಪದವಿಗೆ 160 ಕ್ರೆಡಿಟ್. ಅದರ ಮೇಲೆ ಬೇರೊಂದು ವಿಷಯದಲ್ಲಿ ಸುಮಾರು 20 ಕ್ರೆಡಿಟ್ ಓದಿದರೆ ಮೈನರ್ ಪದವಿಯೂ ಸಿಗುತ್ತದೆ. ಲೆಕ್ಕಕ್ಕೆ ಇದು ಐದಾರು ಪೇಪರ್. ನಮ್ಮ ಪಾಲಿಗೆ ಮಗಳ ಎರಡು ವರ್ಷದ ಭಾನುವಾರಗಳು.

ಅವಳ ಗೆಳತಿಯರಲ್ಲಿ ಬಹಳಷ್ಟು ಜನ ಡೇಟಾ ಸೈನ್ಸ್ ಕಡೆ ವಾಲಿದ್ದಾರೆ. ಕ್ಯಾಂಪಸ್ ಇಂಟರ್‌ವ್ಯೂಗೆ ಅನುಕೂಲವಂತೆ. ನಾನೂ ಅದನ್ನೇ ತಗೋ ಎಂದೆ. “ಮುದ್ದೆ ಜೊತೆಗೆ ಇನ್ನೊಂದು ಮುದ್ದೆ ಯಾಕಮ್ಮ, ಸಾರು ಬೇಡ್ವಾ?” ಎಂದಳು. ಅವಳಿಗೆ ಬೇಕಾದದ್ದು ಮೆಕ್ಯಾನಿಕಲ್.

ನನಗೆ ಗಾಬರಿಯಾಯಿತು. ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇನ್ಸ್‌ಪೆಕ್ಷನ್ ಮಾಡುತ್ತಿದ್ದೇನೆ. ಯಂತ್ರದಿಂದ ಬಂದ ಶಾಫ್ಟ್‌ಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಪಾಸೋ ರಿಜೆಕ್ಟೋ ಹೇಳುವುದು ನನ್ನ ಕೆಲಸ. ಈ ಎಣ್ಣೆ, ಈ ಸದ್ದಿನಿಂದ ಮಗಳನ್ನು ದಾಟಿಸಬೇಕೆಂದೇ ಸಾಲ ಮಾಡಿ ಓದಿಸುತ್ತಿರುವುದು.

ರಜೆಯಲ್ಲಿ ಊಟದ ಡಬ್ಬಿ ತಂದವಳು ಒಂದು ದಿನ ನನ್ನ ಟೇಬಲ್ ಪಕ್ಕ ನಿಂತು ನೋಡಿದ್ದಳು. 100 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟ್ 10 ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಉಬ್ಬುತ್ತದೆ. ಎಚ್6 ದರ್ಜೆಯ ಡ್ರಾಯಿಂಗ್‌ನಲ್ಲಿ ನಮಗೆ ಸಿಗುವ ಅವಕಾಶವೇ 22 ಮೈಕ್ರಾನ್. ಬಿಸಿಯಿದ್ದಾಗ ಸರಿಯಾದ ಅಳತೆ ತೋರಿಸಿದ್ದು ತಣಿದ ಮೇಲೆ ಕಡಿಮೆಯಾಗಿ ರಿಜೆಕ್ಟ್ ಆಗಬಹುದು. ಅದಕ್ಕೇ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಎಂದು ಜಗತ್ತೆಲ್ಲ ಒಪ್ಪಿಕೊಂಡಿದೆ. ಸಿಎನ್‌ಸಿ ಯಂತ್ರಕ್ಕೆ ಕೊಟ್ಟ ಪ್ರೋಗ್ರಾಂನಲ್ಲಿ ಒಂದಕ್ಷರ ತಪ್ಪಿರುವುದಿಲ್ಲ, ಆದರೂ ಮಾಲು ಕೆಟ್ಟಿರುತ್ತದೆ. ಇದು ಅವಳ ತಲೆಯಲ್ಲಿ ಕೂತುಬಿಟ್ಟಿತು.

“ಕೋಡ್ ಬರೆಯೋಕೆ ಈಗ ಎಐ ಇದೆ ಅಮ್ಮ. ಅದು ಬರೆದದ್ದು ತಪ್ಪು ಅಂತ ಹೇಳೋಕೆ ಬೇರೆ ಏನಾದ್ರೂ ಗೊತ್ತಿರಬೇಕಲ್ವಾ?” ಎಂದು ಕೇಳಿದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಯೋಚಿಸಿದರೆ ಎಲ್ಲ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. ದುಡ್ಡಿನ ಲೆಕ್ಕಾಚಾರದಲ್ಲಿ ಆಸಕ್ತಿ ಇರುವವರಿಗೆ ಅರ್ಥಶಾಸ್ತ್ರ ಇರಲಿ. ಕನ್ನಡದ ಹುಚ್ಚಿರುವವರಿಗೆ, ಕಾಲೇಜಿನಲ್ಲಿದ್ದರೆ, ಭಾಷಾವಿಜ್ಞಾನ. ‘ಮನೆಯಲ್ಲಿದ್ದವರಿಗೂ’ ಎಂಬ ಒಂದು ಪದವನ್ನು ಎಲ್ಲೆಲ್ಲಿ ಬಿಡಿಸಬೇಕೆಂದು ಬಲ್ಲವರೇ ಅಲ್ಲವೇ ಕಂಪ್ಯೂಟರ್‌ಗೆ ಕನ್ನಡ ಕಲಿಸಬೇಕಾದವರು? ಕಂಪ್ಯೂಟರ್ ಹೇಳಿದ್ದನ್ನು ಯಾವ ವಿಷಯದಲ್ಲಿ ನಾವು ಪ್ರಶ್ನಿಸಬಲ್ಲೆವೋ ಅದೇ ನಮಗೆ ತಕ್ಕ ಮೈನರ್.

ಸಾಲದ ಕಂತು, ಕೆಲಸ ಸಿಗುತ್ತದೋ ಇಲ್ಲವೋ ಎಂಬ ಭಯ ಇದ್ದೇ ಇದೆ. ಆದರೂ ಈ ವಾರ ಅರ್ಜಿ ತುಂಬಿದ್ದಾಳೆ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾದ ಮೇಲೆ ಪೀಣ್ಯದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿಯುತ್ತಾಳೆ. ಓದು ಮುಗಿದ ಮೇಲೆ ಅಲ್ಲೇ ಉಳಿಯುತ್ತಾಳೋ ಇಲ್ಲಿಗೆ ಬರುತ್ತಾಳೋ, ಅದು ಅವಳಿಗೆ ಬಿಟ್ಟದ್ದು. ಎಲ್ಲಿದ್ದರೂ, ಶಾಫ್ಟ್ ತಣಿಯುವ ತನಕ ಕಾಯಬೇಕು ಎನ್ನುವುದು ಅವಳಿಗೆ ಗೊತ್ತಿರುತ್ತದೆ.