ಪೀಠ ಕಳೆದುಕೊಂಡವರು

ಲೋಕದಲ್ಲಿ ಪೀಠ ಕಳೆದುಕೊಂಡವರು ಎರಡು ಬಗೆ. ಚುನಾವಣೆಯಲ್ಲಿ ಪೀಠ ಕಳೆದುಕೊಂಡವನಿಗೆ ಐದು ವರ್ಷಗಳ ತರುವಾಯವಾದರೂ ಅದು ಮರಳಿ ಬಂದೀತೆಂಬ ಆಶೆಯುಂಟು. ಸೈಕಲ್ಲಿನ ಪೀಠ ಕಳೆದುಕೊಂಡವನಿಗೆ ಆ ಆಶೆಯೂ ಇಲ್ಲ. ಬೀಗ ಹಾಕಿದ ವಾಹನ ನಿಂತಲ್ಲೇ ನಿಂತಿರುವುದನ್ನು ದೂರದಿಂದ ಕಂಡು ಹಿಗ್ಗಿ, ಹತ್ತಿರ ಬಂದಾಗ ಪೀಠವಿರಬೇಕಾದಲ್ಲಿ ಬರಿಯ ಕೊಳವೆಯ ಬಾಯಿ ಆಕಾಶವನ್ನು ನೋಡುತ್ತಿರುವುದನ್ನು ಕಾಣುವ ಗೃಹಸ್ಥನ ಸ್ಥಿತಿ ಶತ್ರುವಿಗೂ ಬೇಡ. ಮನೆಯ ತನಕ ಆತ ನಿಂತೇ ತುಳಿಯಬೇಕು. ದಾರಿಯುದ್ದಕ್ಕೂ ನೋಡುವವರು ಅದನ್ನು ಯಾವುದೋ ಹೊಸ ವ್ಯಾಯಾಮವೆಂದು ಮೆಚ್ಚಿಕೊಳ್ಳುತ್ತಾರೆ!

ಹಿಂದಿನ ಕಪ್ಪು ಸೈಕಲ್ಲಿಗೆ ಈ ಸಂಕಟ ಇಷ್ಟಿರಲಿಲ್ಲ. ಅದರ ಗಾಲಿಗಳನ್ನು ಹಿಡಿದಿದ್ದುದು ತುಕ್ಕು ಹಿಡಿದ ನಟ್ಟು. ಅದನ್ನು ಬಿಚ್ಚಲು ಸ್ಪ್ಯಾನರು ಬೇಕು, ತೋಳಿನಲ್ಲಿ ಬಲ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಪುರುಸೊತ್ತು ಬೇಕು. ಪುರುಸೊತ್ತಿರುವ ಕಳ್ಳ ಅಪರೂಪ. ಆದ್ದರಿಂದ ಅಂದಿನ ಕಳ್ಳರು ಗಾಳಿ ಹಾಕುವ ಪಂಪು, ದೀಪ, ಗಂಟೆಗಳಿಂದ ತೃಪ್ತರಾಗುತ್ತಿದ್ದರು. ಇಲ್ಲವಾದರೆ ಸೈಕಲ್ಲನ್ನೇ ಇಡಿಯಾಗಿ ಒಯ್ಯುತ್ತಿದ್ದರು.

ಕಾಲ ಬದಲಾದದ್ದು ಒಂದು ಪುಟ್ಟ ಹಿಡಿಕೆಯಿಂದ. ಇಟಲಿಯ ಪಂದ್ಯಗಾರ ಟುಲಿಯೊ ಕಂಪನ್ಯೋಲೊ 1927ರಲ್ಲಿ ಹಿಮ ಬೀಳುತ್ತಿದ್ದ ಕಣಿವೆದಾರಿಯಲ್ಲಿ ಗಾಲಿ ಬಿಚ್ಚಲು ಹೋಗಿ, ಬೆರಳು ಮರಗಟ್ಟಿ ನಟ್ಟು ತಿರುಗಿಸಲಾರದೆ ಪಂದ್ಯ ಸೋತನೆಂದು ಕಥೆಯುಂಟು. ಆ ಕಥೆ ಹೇಗೇ ಇರಲಿ, ಹಿಡಿಕೆಯೊಂದನ್ನು ಮಗುಚಿದ ಮಾತ್ರಕ್ಕೆ ಗಾಲಿ ಕಳಚಿ ಬರುವ ಸಾಧನವನ್ನು ಲೋಕಕ್ಕೆ ಕೊಟ್ಟವನು ಅವನೇ. ಪಂದ್ಯಗಾರರಿಗೆ ಅದು ವರವಾಯಿತು. ವರವನ್ನು ಕೊಡುವಾಗ ಅದು ಯಾರ ಯಾರ ಕೈಗೆ ಸಿಕ್ಕೀತೆಂದು ಯೋಚಿಸದಿರುವುದು ಪುರಾಣಕಾಲದಿಂದ ಬಂದ ವಾಡಿಕೆ! ಇಂದು ಪೇಟೆಯ ಅನೇಕ ಗೇರು ಸೈಕಲ್ಲುಗಳಲ್ಲಿ ಗಾಲಿಗೂ ಪೀಠಕ್ಕೂ ಅಂಥದೇ ಹಿಡಿಕೆ. 2011ರಲ್ಲಿ ಬೆಂಗಳೂರಿಗೆ ಮೆಟ್ರೋ ಬಂದ ಮೇಲೆ, ನಿಲ್ದಾಣದ ಬಳಿ ಬೆಳಗ್ಗೆ ಸೈಕಲ್ಲು ನಿಲ್ಲಿಸಿ ಸಂಜೆಯವರೆಗೆ ಅದರ ಕಡೆ ತಿರುಗಿ ನೋಡದ ಉದ್ಯೋಗಸ್ಥರೂ ಉಂಟು. ಕಳ್ಳನಿಗೆ ಬೇಕಾದ ಪುರುಸೊತ್ತು ಹೀಗೆ ತಾನಾಗಿಯೇ ಒದಗಿತು.

ಉಪಾಯವೇನು? ಪೀಠವನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಹೋಗುವವರಿದ್ದಾರೆ. ಅಧಿಕಾರಿಯ ಎದುರಿಗೆ ಸ್ವಂತ ಪೀಠದೊಡನೆ ನಿಲ್ಲುವುದು ಅಷ್ಟೊಂದು ಕ್ಷೇಮವಲ್ಲ. ಅದಕ್ಕಿಂತ ಗೃಹಿಣಿಯರ ಸಲಹೆ ಮೇಲು: “ಅದಕ್ಕೇಕೆ ಇಷ್ಟು ಯೋಚನೆ? ಹೊಸ ಪೀಠಕ್ಕೆ ಒಂದು ಹರಕು ಬಟ್ಟೆ ಸುತ್ತಿಬಿಡಿ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವುದಿಲ್ಲವೆ?”

ದೃಷ್ಟಿಬೊಟ್ಟಿನ ಜೊತೆಗೆ ಒಂದಿಷ್ಟು ಕಬ್ಬಿಣವೂ ಇರಲಿ. ಮೊದಲನೆಯದಾಗಿ, ಹಿಡಿಕೆಗಳನ್ನು ತೆಗೆಸಿ, ಬೀಗದ ಕೈಯಂತೆ ಬೇರೆಯೇ ಕೀಲಿ ಬೇಕಾಗುವ ಸರಳುಗಳನ್ನು ಹಾಕಿಸಬೇಕು. ಎರಡನೆಯದಾಗಿ, ಲಾಳದಾಕಾರದ ಗಟ್ಟಿ ಬೀಗವನ್ನು, ಪೀಠದ ಕೆಳಗೆ ಚೌಕಟ್ಟಿನ ಕೊಳವೆಗಳು ಸೇರಿ ಆಗುವ ತ್ರಿಕೋನದೊಳಗೆ, ಹಿಂಗಾಲಿಯ ಅಂಚನ್ನು ಹಾಯಿಸಿ ಕಂಬಕ್ಕೆ ಬಿಗಿಯಬೇಕು. ಅಷ್ಟು ದೊಡ್ಡ ಗಾಲಿ ಆ ಕಿರಿದಾದ ತ್ರಿಕೋನದೊಳಗಿಂದ ಹೊರಬರಲಾರದು. ಗಾಲಿ ಬಾರದೆ ಚೌಕಟ್ಟೂ ಬಾರದು. 2008ರಲ್ಲಿ ತೀರಿಕೊಂಡ ಅಮೆರಿಕದ ಸೈಕಲ್ ತಜ್ಞ ಶೆಲ್ಡನ್ ಬ್ರೌನ್ ಪ್ರಚಾರಕ್ಕೆ ತಂದ ಈ ಕ್ರಮದಿಂದ ಒಂದೇ ಬೀಗ ಎರಡನ್ನು ಕಾಯುತ್ತದೆ. ಮುಂಗಾಲಿಗೆ ಉಕ್ಕಿನ ಹಗ್ಗವೊಂದನ್ನು ಹಾಯಿಸಿ ಅದೇ ಬೀಗಕ್ಕೆ ಸೇರಿಸಿದರಾಯಿತು.

ಪೀಠದ ರಕ್ಷಣೆಗೆ ಹೆಚ್ಚು ಹಣವೂ ಬೇಡ. ಸವೆದ ಸೈಕಲ್ ಚೈನಿನ ತುಂಡೊಂದನ್ನು ಹಳೆಯ ಟ್ಯೂಬಿನೊಳಗೆ ತೂರಿಸಿ, ಪೀಠದಡಿಯ ಕಂಬಿಗಳ ಮೂಲಕ ಚೌಕಟ್ಟಿಗೆ ಸುತ್ತಿ, ಕೊನೆಗಳನ್ನು ಚೈನು ಜೋಡಿಸುವಂತೆಯೇ ಜೋಡಿಸಬೇಕು. ಬೋಲ್ಟಿನ ತಲೆಯ ಕುಳಿಯಲ್ಲಿ ಸರಿಹೊಂದುವ ಬೇರಿಂಗ್ ಗುಂಡೊಂದನ್ನಿಟ್ಟು ಮೇಣ ಕರಗಿಸಿ ಸುರಿದರೆ ಕೀಲಿ ಒಳಗಿಳಿಯದು. ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರಿಗೆ ಇದಾವುದೂ ಅಸಾಧ್ಯವಲ್ಲ, ನಿಜ. ಆದರೆ ಬೀಗದ ಕೆಲಸ ಕಳ್ಳನನ್ನು ಸೋಲಿಸುವುದಲ್ಲ, ಬೇಸರಪಡಿಸುವುದು.

ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ಸಂಭ್ರಮವೇಕೆಂದು ಕಾರಿನಲ್ಲಿ ಓಡಾಡುವವರು ಕೇಳಬಹುದು. 1948ರಲ್ಲಿ ಇಟಲಿಯ ವಿಟ್ಟೋರಿಯೊ ಡಿ ಸಿಕಾ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ನೋಡಿದವರು ಕೇಳಲಾರರು. ಗೋಡೆಗೆ ಚಿತ್ರಪಟ ಅಂಟಿಸುವ ಕೆಲಸ ಸಿಗಬೇಕಾದರೆ ಸೈಕಲ್ಲು ಬೇಕು. ಒತ್ತೆಯಿಟ್ಟ ಸೈಕಲ್ಲನ್ನು ಬಿಡಿಸಿಕೊಳ್ಳಲು ಮನೆಯಾಕೆ ಹಾಸಿಗೆಯ ಹೊದಿಕೆಗಳನ್ನೇ ಕೊಡುತ್ತಾಳೆ. ಕೆಲಸದ ಮೊದಲ ದಿನವೇ ಅದು ಕಳವಾಗುತ್ತದೆ. ನಮ್ಮೂರಿನಲ್ಲಿಯೂ ಪತ್ರಿಕೆ ಹಂಚುವ ಹುಡುಗನಿಗೆ, ರಾತ್ರಿ ಪಾಳಿಯ ಕಾವಲುಗಾರನಿಗೆ ಮುಂಗಾಲಿ ಹೋಯಿತೆಂದರೆ ಗಾಲಿಯಷ್ಟೇ ಹೋದದ್ದಲ್ಲ. ಮರುದಿನದ ಕೂಲಿಯೂ ಅದರೊಡನೆ ಉರುಳಿ ಹೋಯಿತು.

ಆ ಚಿತ್ರದ ಕೊನೆಯಲ್ಲಿ, ಹುಡುಕಿ ಸೋತ ಆ ಬಡವ ತಾನೇ ಇನ್ನೊಬ್ಬರ ಸೈಕಲ್ಲಿಗೆ ಕೈಹಾಕಿ, ಮಗನ ಕಣ್ಣೆದುರಿಗೆ ಸಿಕ್ಕಿಬೀಳುತ್ತಾನೆ. ಸಭ್ಯ ಗೃಹಸ್ಥರು ಅಷ್ಟು ದೂರ ಹೋಗುವುದಿಲ್ಲ. ಹಳೆಯ ಸಾಮಾನಿನ ಅಂಗಡಿಗೆ ಹೋಗಿ, ಅರ್ಧ ಬೆಲೆಗೆ ಹೊಚ್ಚಹೊಸದರಂತಿರುವ ಪೀಠವನ್ನು ಕೊಂಡು, ಇದು ಎಲ್ಲಿಯದೆಂದು ಕೇಳದೆ ಬರುತ್ತಾರೆ. ಅದು ಮತ್ತೊಬ್ಬ ಗೃಹಸ್ಥನನ್ನು ನಿಂತು ತುಳಿಯುವಂತೆ ಮಾಡಿದ ಪೀಠವಾಗಿರಬಹುದು. ಕೊಳ್ಳುವವರಿಲ್ಲದ ಗಾಲಿಯನ್ನು ಯಾವ ಕಳ್ಳನೂ ಹೊತ್ತು ತಿರುಗುವುದಿಲ್ಲ. ಆದಕಾರಣ ಸೈಕಲ್ಲಿಗೆ ಎರಡು ಬೀಗ ಹಾಕುವವರು, ಅಗ್ಗದ ಮಾಲಿನ ಆಶೆಗೂ ಒಂದು ಬೀಗ ಹಾಕಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಈ ಮೂರನೆಯ ಬೀಗ ಯಾವ ಅಂಗಡಿಯಲ್ಲಿಯೂ ದೊರೆಯದು; ಅದಕ್ಕೆ ಬೆಲೆಯೂ ಇಲ್ಲ.