ಪಾನಕರಸ

ಅಲಂಕಾರಶಾಸ್ತ್ರವನ್ನು ಓದಿದವರಿಗೆ ‘ಪಾನಕರಸನ್ಯಾಯ’ ಎಂಬ ಮಾತು ಅಪರಿಚಿತವಲ್ಲ. ಬೆಲ್ಲ, ಮೆಣಸು, ಏಲಕ್ಕಿ, ಹುಳಿ ಇವು ಬೇರೆಬೇರೆಯಾಗಿದ್ದಾಗ ಒಂದೊಂದಕ್ಕೆ ಒಂದೊಂದು ರುಚಿ; ನೀರಿನಲ್ಲಿ ಕೂಡಿ ಪಾನಕವಾದಾಗಲಾದರೋ ಅವುಗಳಲ್ಲಿ ಯಾವುದೊಂದರದೂ ಅಲ್ಲದ, ಆದರೆ ಎಲ್ಲವನ್ನೂ ಒಳಗೊಂಡ ಹೊಸದೊಂದು ಸ್ವಾದವು ನಾಲಗೆಗೆ ದೊರೆಯುತ್ತದೆ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಕೂಡಿ ಸಹೃದಯನಲ್ಲಿ ರಸವಾಗುವ ಬಗೆಯೂ ಹೀಗೆಯೇ ಎಂದು ಅಭಿನವಗುಪ್ತನೂ ಅವನನ್ನು ಅನುಸರಿಸಿ ಮಮ್ಮಟನೂ ವಿವರಿಸಿದರು. ಈ ಪಾಠವನ್ನು ಹೇಳುವ ಪಂಡಿತರಿಗೆ ಹಿಂದೆ ಒಂದು ಅನುಕೂಲವಿತ್ತು. ರಸವೆಂದರೇನೆಂದು ತಿಳಿಯದ ಹುಡುಗನಿಗೂ ಪಾನಕವೆಂದರೇನೆಂದು ತಿಳಿದಿತ್ತು. ಈಗ ಆ ಅನುಕೂಲ ಬಹುಮಟ್ಟಿಗೆ ತಪ್ಪಿಹೋಗಿದೆ. ರಟ್ಟಿನ ಡಬ್ಬಿಗೆ ಚುಚ್ಚಿದ ಕೊಳವೆಯಿಂದ ಹೀರಬಲ್ಲ ಹುಡುಗನಿಗೆ ಅದರೊಳಗೆ ಏನೇನು ಕೂಡಿದೆ, ಯಾರು ಕೂಡಿಸಿದರು ಎಂಬುದು ಗೊತ್ತಿಲ್ಲ. ಗೊತ್ತಿಲ್ಲವೆಂಬ ಕೊರತೆಯೂ ಅವನನ್ನು ಬಾಧಿಸದು.

ಕನ್ನಡನಾಡಿನವರು ಹಣ್ಣುಕಾಯಿಗಳ ರಸವನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವುದನ್ನು ನಿನ್ನೆ ಮೊನ್ನೆ ಕಲಿತವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನದಂತೆ ಪಾನೀಯವೂ ರಾಜಭೋಗಗಳಲ್ಲಿ ಒಂದೆಂದು ಎಣಿಕೆಯಾಗಿದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಅಡುಗೆಯನ್ನು ಷಟ್ಪದಿಯಲ್ಲಿ ಹೇಳಹೊರಟ ಆ ಕವಿಯ ಧೈರ್ಯವನ್ನು ಮೆಚ್ಚಬೇಕು. ಒಲೆಯ ಮುಂದೆ ನಿಂತ ಗೃಹಿಣಿಗೆ ಆದಿಪ್ರಾಸದಿಂದ ಏನು ಉಪಕಾರವಾಯಿತೋ ಅದು ಬೇರೆಯ ವಿಚಾರ.

ಅರಮನೆಯ ಮಾತು ಹಾಗಿರಲಿ. ಬಯಲುಸೀಮೆಯ ಹಳ್ಳಿಗಳಲ್ಲಿ ಚೈತ್ರ ವೈಶಾಖಗಳೆಂದರೆ ತೇರಿನ ಕಾಲ, ತೇರೆಂದರೆ ಅರವಟ್ಟಿಗೆ. ತೆಂಗಿನ ಗರಿಯ ಚಪ್ಪರ, ಒದ್ದೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಹರವಿಗಳು, ಅವುಗಳ ಮೈಗೆ ಸುತ್ತಿದ ನೆನೆದ ಬಟ್ಟೆ. ಹರವಿಯ ಮೈಯ ಸೂಕ್ಷ್ಮರಂಧ್ರಗಳಿಂದ ಹೊರಗೆ ಒಸರುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಸೆಳೆದೊಯ್ಯುತ್ತದೆಂಬ ಭೌತಶಾಸ್ತ್ರವನ್ನು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಪಾನಕವು ಮಾತ್ರ ತಣ್ಣಗಿರುತ್ತಿತ್ತು. ಅಳತೆಯೂ ಸರಳವಾದುದೇ. ಒಂದು ಲೀಟರ್ ನೀರಿಗೆ 150ರಿಂದ 200 ಗ್ರಾಂ ಬೆಲ್ಲ, ಎರಡು ನಿಂಬೆಹಣ್ಣು, ಕುಟ್ಟಿದ ಮೆಣಸು ಅರ್ಧ ಚಮಚ, ನಾಲ್ಕಾರು ಏಲಕ್ಕಿ, ಚಿಟಿಕೆ ಶುಂಠಿಪುಡಿ. ಬೆಲ್ಲ ಕರಗಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ಕಡೆಯ ಲೋಟದವನಿಗೆ ಕಬ್ಬಿನ ಗದ್ದೆಯ ಮಣ್ಣಿನ ಪ್ರಸಾದವೂ ಲಭಿಸುತ್ತದೆ. ನಿಂಬೆಯನ್ನು ಕೊನೆಯಲ್ಲಿ ಹಿಂಡುವುದು ಕ್ರಮ. ಅದರ ಪರಿಮಳವೂ ಸಿ ಜೀವಸತ್ವವೂ ಹೊತ್ತು ಕಳೆದಂತೆಲ್ಲ ಕುಂದುವುವಾದುದರಿಂದ ಈ ಕ್ರಮಕ್ಕೆ ಅರ್ಥವಿದೆ.

ಬೇಲದ ಹಣ್ಣಿನ ಪಾನಕವು ಇದಕ್ಕಿಂತ ಗಹನವಾದುದು. ಸಂಸ್ಕೃತದಲ್ಲಿ ಕಪಿತ್ಥವೆನಿಸಿದ ಈ ಬೇಲವೂ ಶಿವಪೂಜೆಗೆ ದಳವನ್ನೀಯುವ ಬಿಲ್ವವೂ ಬೇರೆಬೇರೆ. ಉತ್ತರದೇಶದವರು ಬಿಲ್ವವನ್ನು ‘ಬೇಲ್’ ಎನ್ನುವುದರಿಂದ ವಿದ್ಯಾವಂತರೂ ಎರಡನ್ನೂ ಕಲಸುತ್ತಾರೆ. ಬೇಲದ ಹಣ್ಣನ್ನು ಕಲ್ಲಿಗೆ ಕುಕ್ಕಿ ಒಡೆದು, ಕಂದುಬಣ್ಣದ ತಿರುಳನ್ನು ಗೋರಿ, ನೀರಿನಲ್ಲಿ ಬೆರಳಿನಿಂದಲೇ ಕಿವುಚಬೇಕು. ಯಂತ್ರಕ್ಕೆ ಹಾಕಿದರೆ ಬೀಜವೂ ಅರೆದು ಒಗರಾಗುತ್ತದೆ. ಕರಬೂಜದ ಹಣ್ಣಿಗಾದರೋ ಸೌಟಿನ ಹಿಂಬದಿಯೇ ಸಾಕು. ಮಾವಿನಕಾಯಿಯನ್ನು ಬೇಯಿಸಿ ಹಿಸುಕಬೇಕು. ಕರಾವಳಿಯ ಪುನರ್ಪುಳಿ, ಅದೇ ಮಲೆನಾಡಿನ ಮುರುಗಲು, ನೆನೆಹಾಕಿದ ಮಾತ್ರಕ್ಕೆ ತಾನೇ ಬಣ್ಣಬಿಡುತ್ತದೆ. ಹೀಗೆ ಒಂದೊಂದು ಹಣ್ಣೂ ತನ್ನನ್ನು ಹೇಗೆ ಕರಗಿಸಬೇಕೆಂಬುದನ್ನು ತಾನೇ ಕಲಿಸುತ್ತಿದ್ದ ಕಾಲದಲ್ಲಿ ಎಲ್ಲವನ್ನೂ ಒಂದೇ ಬಗೆಯಲ್ಲಿ ತಿರುಗಿಸುವ ಯಂತ್ರವು ಅಡುಗೆಮನೆಯನ್ನು ಪ್ರವೇಶಿಸಿತು.

ಯಂತ್ರವನ್ನು ದೂಷಿಸುವುದರಲ್ಲಿ ಹುರುಳಿಲ್ಲ. ಗಜ್ಜರಿ, ಬೀಟ್‌ರೂಟು ಮೊದಲಾದ ಗಡ್ಡೆಗಳಿಂದ ಕೈಯಲ್ಲಿ ರಸ ತೆಗೆಯುವುದು ತುರಿದು ಹಿಂಡುವವರ ತೋಳಿಗೇ ಗೊತ್ತು. ಆದರೆ ಯಂತ್ರವು ರಸದೊಡನೆ ಗಾಳಿಯನ್ನೂ ಕಡೆಯುತ್ತದೆ. ಮೇಲೆ ನೊರೆ ನಿಲ್ಲುವುದು ಅದರಿಂದಲೇ. ಗಾಳಿ ತಾಗಿದಂತೆಲ್ಲ ಸೇಬಿನ ರಸ ಕಂದುತ್ತದೆ, ಜೀವಸತ್ವ ನಶಿಸುತ್ತದೆ. ಆದುದರಿಂದ ಯಂತ್ರದಲ್ಲಿ ತೆಗೆದುದನ್ನು ಆಗಲೇ ಕುಡಿಯುವುದು ಲೇಸು. ಬೇಸಗೆಯಲ್ಲಿ ಬೆಳಗಿನ ರಸವನ್ನು ಸಂಜೆಗೆಂದು ಹೊರಗೆ ಮುಚ್ಚಿಟ್ಟರೆ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಗೆ ಮನೆಯವರೇ ದಾಸೋಹ ನಡೆಸಿದಂತಾಗುತ್ತದೆ.

ಬಯಲುಸೀಮೆಯ ಒಂದು ಊರಿನ ಪ್ರೌಢಶಾಲೆಯಲ್ಲಿ 34 ವರ್ಷ ಗಣಿತವನ್ನು ಬೋಧಿಸಿ ನಿವೃತ್ತರಾದ ಮೇಷ್ಟರೊಬ್ಬರ ಮನೆಗೂ ಇಂತಹದೊಂದು ಯಂತ್ರ ಬಂದಿತು. ಬೆಂಗಳೂರಿನಲ್ಲಿದ್ದ ಮಗನು ಕಳುಹಿಸಿದ್ದು. ಮೇಷ್ಟರ ಮಡದಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಕರಿಹಲಗೆ ತಪ್ಪಿದ ಕೈಗೆ ಕೆಲಸವೂ ಬೇಕಾಗಿತ್ತು. ಮಡದಿಯ ಆರೋಗ್ಯವನ್ನು ತಾನೇ ಸರಿಪಡಿಸಬೇಕೆಂಬ ಛಲವೂ ಸೇರಿತು. ಪ್ರತಿದಿನ ಮುಂಜಾನೆ ಸ್ನಾನಾದಿಗಳನ್ನು ಮುಗಿಸಿ, ನಾಲ್ಕು ಮೋಸಂಬಿಗಳನ್ನು ಸುಲಿದು, ತಿರುಗಿಸಿ, ಸೋಸಿ, ಸಕ್ಕರೆಯ ಒಂದು ಹರಳನ್ನೂ ಬೆರೆಸದೆ ಒಂದು ಲೋಟ ರಸವನ್ನು ಆಕೆಯ ಮುಂದೆ ಇಡುತ್ತಿದ್ದರು. ಆಕೆ ಮರುಮಾತಿಲ್ಲದೆ ಕುಡಿಯುತ್ತಿದ್ದರು. ಮೂವತ್ತೈದು ವರ್ಷ ಗಂಡನಿಗೆ ಕಾಫಿ ಬೆರೆಸಿಕೊಟ್ಟವರಿಗೆ ಈ ಲೋಟವು ಔಷಧಕ್ಕಿಂತ ಹೆಚ್ಚಿನದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಎರಡು ತಿಂಗಳ ಬಳಿಕ ರಕ್ತಪರೀಕ್ಷೆಯಾಯಿತು. ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಪರೀಕ್ಷಿಸಿದ ವೈದ್ಯನು ಮೇಷ್ಟರ ಹಳೆಯ ಶಿಷ್ಯನೇ.

“ಗುರುಗಳೇ, ಅಮ್ಮ ಬೆಳಗ್ಗೆ ಏನು ತಗೊಳ್ತಾರೆ?”

“ಮೋಸಂಬಿ ರಸ. ಸಕ್ಕರೆ ಹಾಕೋದಿಲ್ಲಪ್ಪ.”

“ಎಷ್ಟು ಹಣ್ಣು?”

“ನಾಲ್ಕು.”

“ಒಂದೇ ಸಲಕ್ಕೆ ನಾಲ್ಕು ಹಣ್ಣನ್ನ ಸುಲಿದು ಕೊಟ್ರೆ ಅಮ್ಮ ತಿಂತಿದ್ರಾ?”

ಮೇಷ್ಟರು ಉತ್ತರಿಸಲಿಲ್ಲ. ಲೆಕ್ಕ ಅವರಿಗೆ ಅರ್ಥವಾಗಿತ್ತು. ಒಂದು ಹಣ್ಣನ್ನು ತೊಳೆತೊಳೆಯಾಗಿ ಅಗಿದು ತಿನ್ನುವಾಗ ನಾರು ಹೊಟ್ಟೆ ತುಂಬಿಸುತ್ತದೆ, ಸಕ್ಕರೆ ರಕ್ತಕ್ಕೆ ಮೆಲ್ಲಗೆ ಇಳಿಯುತ್ತದೆ. ಸೋಸಿದ ರಸದಲ್ಲಿ ಆ ನಾರು ಜರಡಿಯಲ್ಲೇ ಉಳಿದು, ನಾಲ್ಕು ಹಣ್ಣಿನ ಸಕ್ಕರೆ ಒಂದೇ ಗುಟುಕಿಗೆ ಒಳಹೋಗುತ್ತದೆ. 200 ಮಿಲಿಲೀಟರ್ ಕಿತ್ತಳೆಯ ರಸದಲ್ಲಿ ಸುಮಾರು 16ರಿಂದ 20 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಜೇನನ್ನೂ ಮೇಲಿಂದ ಹಾಕಿದ ಸಕ್ಕರೆಯ ಸಾಲಿಗೇ ಸೇರಿಸಿ, ಅವೆಲ್ಲ ಕೂಡಿ ದಿನಕ್ಕೆ ಸುಮಾರು 25 ಗ್ರಾಮಿನೊಳಗಿದ್ದರೆ ಹೆಚ್ಚಿನ ಹಿತವೆಂದು ಹೇಳಿತು. ಹಾಗಾದರೆ ಬೆಲ್ಲದ ಪಾನಕವು ನಿರ್ದೋಷಿಯೇ? ಅದೂ ಅಲ್ಲ. ಆದರೆ ಪಾನಕವನ್ನು ಹಿಂದಿನವರು ತೇರಿನ ದಿನ ಕುಡಿದರು, ನಿತ್ಯ ಕುಡಿಯಲಿಲ್ಲ. ಕುಡಿದವರೂ ತೇರನ್ನೆಳೆದ ಜನ.

ಮೇಷ್ಟರು ಹಣ್ಣನ್ನು ಬಿಟ್ಟು ತರಕಾರಿಗೆ ತಿರುಗಿದರು. ಸೌತೆಕಾಯಿ, ಬೂದುಗುಂಬಳ, ಬೆಟ್ಟದ ನೆಲ್ಲಿ, ಪುದೀನ, ಹಾಗಲ ಒಂದಾದ ಮೇಲೊಂದು ಯಂತ್ರದಲ್ಲಿ ತಿರುಗಿದವು. ಕಡೆಗೆ ಅವರ ಪಕ್ಷಪಾತ ಸೋರೆಕಾಯಿಯ ಮೇಲೆ ನಿಂತಿತು. ಅಗ್ಗ, ತಂಪು, ಸಿಹಿಯಿಲ್ಲ. ಜೊತೆಗೆ ಹಿತ್ತಲ ಚಪ್ಪರದಲ್ಲೇ ಬಿಡುತ್ತಿತ್ತು. ಗಜ್ಜರಿಯ ಬಣ್ಣದ ಸತ್ವವು ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕೆಂದೂ, ಪಾಲಕ್ಕು ಬೀಟ್‌ರೂಟುಗಳ ರಸ ಮೂತ್ರಪಿಂಡದಲ್ಲಿ ಕಲ್ಲಾಗುವ ಪ್ರಕೃತಿಯವರಿಗೆ ಸಲ್ಲದೆಂದೂ, ಮೂತ್ರಪಿಂಡ ಸೋತವರಿಗೆ ಧಾರೆಹುಳಿಯ ಹಣ್ಣು ವಿಷಸಮಾನವೆಂದೂ ಅವರು ಓದಿ ತಿಳಿದು ನೆರೆಹೊರೆಯವರಿಗೆ ಬೋಧಿಸುವ ಮಟ್ಟಕ್ಕೆ ಬಂದಿದ್ದರು. ಮನೆಯ ಸೋರೆಕಾಯಿಯನ್ನು ಮಾತ್ರ ಅವರು ಸಂದೇಹಿಸಲಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತ್ತು. ಬಳ್ಳಿ ಬಾಡುತ್ತ ಚೇತರಿಸಿಕೊಳ್ಳುತ್ತ ಒಂದೆರಡು ಕಾಯಿ ಬಿಟ್ಟಿತು. ಒಂದು ಮುಂಜಾನೆ ರಸವನ್ನು ತುಟಿಗಿಟ್ಟ ಮಡದಿ ಲೋಟವನ್ನು ಕೆಳಗಿಟ್ಟರು.

“ಇದು ಕಹಿ ಐತೆ ನೋಡ್ರಿ. ಚೆಲ್ಲಿಬಿಡೋಣ.”

“ಹಾಗಲಕಾಯಿ ಕಹಿಯಲ್ಲವೇನು? ಕಹಿ ಮೈಗೆ ಒಳ್ಳೇದು.”

“ಹಾಗಲ ಕಹಿಯಾಗಿರಬೇಕು. ಸೋರೆ ಕಹಿಯಾಗಬಾರದು. ನಮ್ಮವ್ವ ಕಹಿ ಸೋರೆನ ದನಕ್ಕೂ ಹಾಕ್ತಿರಲಿಲ್ಲ.”

ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಬೆಳೆದ ಮೇಷ್ಟರು ಎಲೆಯಲ್ಲಿ ಒಂದಗುಳನ್ನೂ ಬಿಟ್ಟವರಲ್ಲ. ಚೆಲ್ಲುವುದೆಂಬ ಮಾತೇ ಅವರಿಗೆ ಸಹಿಸದು. ಮಡದಿ ಕುಡಿಯದೆ ಉಳಿಸಿದ ಲೋಟವನ್ನು ತಾವೇ ಎತ್ತಿ, ಮುಖ ಕಿವುಚಿ, ಕಡೆಯ ಹನಿಯವರೆಗೂ ಕುಡಿದರು. ಅರ್ಧ ಗಂಟೆ ಕಳೆಯಲಿಲ್ಲ. ಹೊಟ್ಟೆ ಹಿಂಡಿತು, ವಾಂತಿ ಮೊದಲಾಯಿತು, ವಾಂತಿಯಲ್ಲಿ ರಕ್ತ ಕಂಡಿತು. ಆಸ್ಪತ್ರೆ ಮುಟ್ಟುವಾಗ ರಕ್ತದೊತ್ತಡ ಕುಸಿದು ಮಾತು ತೊದಲುತ್ತಿತ್ತು.

ಸೋರೆ, ಸೌತೆ, ಹೀರೆಗಳ ಕುಲದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿವಸ್ತುಗಳಿವೆ. ತಿನ್ನಲು ಬಂದ ಪ್ರಾಣಿಗಳಿಂದ ಗಿಡಕ್ಕೆ ಅವು ರಕ್ಷಣೆ. ಮನುಷ್ಯರು ಬೆಳೆಸಿದ ಸೋರೆಯಲ್ಲಿ ಅವು ಅತ್ಯಲ್ಪ. ನೀರಿನ ಕೊರತೆ, ಅತಿಯಾದ ಬಿಸಿಲು ಮೊದಲಾದ ಕಷ್ಟಗಳಲ್ಲಿ ಅವು ಹೆಚ್ಚಬಹುದು, ಹೊರಗಿನಿಂದ ನೋಡಿದರೆ ಯಾವ ಗುರುತೂ ಸಿಕ್ಕದು. ಬೇಯಿಸಿದರೂ ಹೋಗದು. ಪಲ್ಯದಲ್ಲಾದರೆ ಮೊದಲ ತುತ್ತಿಗೇ ತಿಳಿದು ತಟ್ಟೆಯನ್ನು ಸರಿಸುತ್ತಾರೆ. ರಸವನ್ನು ಔಷಧವೆಂದು ಕಣ್ಣುಮುಚ್ಚಿ ಕುಡಿಯುವವರು ನಾಲಗೆಯ ಎಚ್ಚರಿಕೆಯನ್ನೇ ಪುಣ್ಯವೆಂದು ಭ್ರಮಿಸುತ್ತಾರೆ. ಇಂತಹ ಸಾವುಗಳು ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೊಂದು ಇದನ್ನು ಪರಿಶೀಲಿಸಿತು. 2012ರಲ್ಲಿ ಪ್ರಕಟವಾದ ಅದರ ವರದಿಯ ಸಾರವಿಷ್ಟು: ರಸ ತೆಗೆಯುವ ಮುನ್ನ ಕಾಯಿಯ ಸಣ್ಣ ತುಣುಕನ್ನು ರುಚಿ ನೋಡಬೇಕು, ಕಹಿಯಾದರೆ ಇಡಿಯ ಕಾಯಿಯನ್ನೇ ಬಿಸುಡಬೇಕು, ಇತರ ರಸಗಳೊಡನೆ ಬೆರೆಸಿ ಕಹಿಯನ್ನು ಮರೆಸಬಾರದು, ಕುಡಿದು ಅಸ್ವಸ್ಥರಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಈ ವಿಷಕ್ಕೆ ಪ್ರತ್ಯೌಷಧವಿಲ್ಲ. ಹಳ್ಳಿಯವರು ಕಹಿ ಸೋರೆಯನ್ನು ಎಂದೂ ವ್ಯರ್ಥ ಮಾಡಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ಅದನ್ನು ಒಣಗಿಸಿ ತಂಬೂರಿಗೆ ಬುರುಡೆ ಮಾಡಿದರು, ಬಾವಿಗಿಳಿದು ಈಜು ಕಲಿಯುವ ಮಕ್ಕಳ ಬೆನ್ನಿಗೆ ಕಟ್ಟಿದರು. ಲೋಟಕ್ಕೆ ಮಾತ್ರ ಹಿಂಡಲಿಲ್ಲ.

ನಾಲ್ಕು ದಿನ ಸೂಜಿಯ ಮೂಲಕ ದ್ರವವನ್ನೇರಿಸಿದ ಮೇಲೆ ಮೇಷ್ಟರು ಉಳಿದರು. ಐದನೆಯ ದಿನ ಕಣ್ಣುಬಿಟ್ಟು ಮಾತನಾಡುವ ಚೈತನ್ಯ ಬಂದಾಗ, ಹಾಸಿಗೆಯ ಬಳಿ ಕುಳಿತಿದ್ದ ಮಡದಿಯನ್ನು ಅವರು ಕೇಳಿದ ಮೊದಲ ಪ್ರಶ್ನೆ, “ನೀನು ಎಷ್ಟು ಕುಡಿದಿದ್ದೆ?” ಎಂಬುದು. “ತುಟಿಗೆ ಹತ್ತಿದಷ್ಟೇ” ಎಂದರು ಆಕೆ. ಮೇಷ್ಟರು ಗೋಡೆಯ ಕಡೆಗೆ ಮುಖ ತಿರುಗಿಸಿ ಬಹಳ ಹೊತ್ತು ಹಾಗೆಯೇ ಮಲಗಿದ್ದರಂತೆ. ಆಕೆಯೇನಾದರೂ ಎಂದಿನಂತೆ ಮರುಮಾತಿಲ್ಲದೆ ಕುಡಿದಿದ್ದರೆ ಎಂಬ ಲೆಕ್ಕವನ್ನು ಅವರು ಆ ಗೋಡೆಯ ಮೇಲೆ ಬಿಡಿಸುತ್ತಿದ್ದಿರಬೇಕು.

ಯಂತ್ರ ಈಗಲೂ ಆ ಮನೆಯಲ್ಲಿದೆ. ಹಣ್ಣನ್ನು ಮನೆಯವರು ಹೋಳು ಮಾಡಿ ತಿನ್ನುತ್ತಾರೆ. ಸೌತೆಯೋ ಸೋರೆಯೋ, ಮಡದಿ ತೊಟ್ಟಿನ ಕಡೆಯಿಂದ ಒಂದು ತುಣುಕನ್ನು ಕೊಯ್ದು ನಾಲಗೆಯ ತುದಿಗೆ ಮುಟ್ಟಿಸಿ, ಉಗುಳಿ, ತಲೆಯಾಡಿಸಿದ ಮೇಲೆಯೇ ಮೇಷ್ಟರು ಗುಂಡಿ ಒತ್ತುತ್ತಾರೆ. ರಸದಲ್ಲಿ ಒಂದು ಹನಿ ನಿಂಬೆ, ಚಿಟಿಕೆ ಜೀರಿಗೆ, ಸೋಸುವುದಿಲ್ಲ.

ತೇರಿನ ದಿನ ಮಾತ್ರ ಯಂತ್ರಕ್ಕೆ ವಿರಾಮ. ಅರವಟ್ಟಿಗೆಯಲ್ಲಿ ಮೇಷ್ಟರು ಪಂಚೆಯನ್ನು ಎತ್ತಿಕಟ್ಟಿ, ಹರವಿಯ ಮುಂದೆ ನಿಂತು, ಬೆಲ್ಲದ ಅಚ್ಚುಗಳನ್ನು ಎಣಿಸಿ ಹಾಕಿಸುತ್ತಾರೆ. ದೂರದೂರುಗಳಿಂದ ಬಂದ ಹಳೆಯ ವಿದ್ಯಾರ್ಥಿಗಳು ಪಾದಕ್ಕೆರಗಿ ಲೋಟ ಚಾಚುತ್ತಾರೆ. ಕಳೆದ ತೇರಿನಂದು ಮಡದಿಯೂ ಆ ಸಾಲಿನಲ್ಲಿ ಬಂದು ನಿಂತರು. ಮೇಷ್ಟರು ಆಕೆಯ ಲೋಟಕ್ಕೆ ಅರ್ಧದವರೆಗೆ ಪಾನಕವನ್ನು ಬಗ್ಗಿಸಿ ನಿಲ್ಲಿಸಿದರು. ಆಕೆ ಲೋಟವನ್ನು ಹಿಂದಕ್ಕೆಳೆಯಲಿಲ್ಲ, ಸಾಲು ಕಾಯುತ್ತಿತ್ತು. ಮೇಷ್ಟರು ಅತ್ತಿತ್ತ ನೋಡಿ ಇನ್ನೊಂದು ಗುಟುಕಿನಷ್ಟು ಹುಯ್ದು, “ಮುಂದೆ ಹೋಗು” ಎಂದರು.