ಘಟ್ಟವಿಳಿದು ತಂದ ಲ್ಯಾಪ್‌ಟಾಪ್

ತಾಳವಾಡಿಯಿಂದ ಕೊಯಮತ್ತೂರಿಗೆ ಹೊರಟವರು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರುಗಳನ್ನು ದಾಟಿ ಗಾಂಧೀಪುರಂ ತಲಪುವಷ್ಟರಲ್ಲಿ, ನಮ್ಮೂರಿನ ಚಳಿಗೆಂದು ಹೊದ್ದಿದ್ದ ಶಾಲು ಹೊರೆಯಾಗಿತ್ತು. ಜೊತೆಯಲ್ಲಿದ್ದವಳು ಅಕ್ಕನ ಮಗಳು. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕಾಲೇಜು ಸೇರಿದವಳು. ತಮಿಳುನಾಡು ಸರಕಾರವು 2011ರಲ್ಲಿ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲಾರಂಭಿಸಿದ್ದು ಓದುಗರಿಗೆ ನೆನಪಿರಬಹುದು. ಇವಳ ಪಾಲಿಗೆ ಅದು ಬಂದಿರಲಿಲ್ಲ. ಭಾವ ಎಲೆಕೋಸು ಮಾರಿದ ಹಣದಲ್ಲಿ 20,000 ರೂಪಾಯಿ ಎಣಿಸಿ ಕೊಟ್ಟು, "ಮೋಸ ಹೋಗಬೇಡಪ್ಪ" ಎಂದಿದ್ದರು.

ಕ್ರಾಸ್‌ಕಟ್ ರಸ್ತೆಯ ಜನಜಂಗುಳಿಯಿಂದ ಪಕ್ಕಕ್ಕೆ ಸರಿದರೆ ಹಳೆಯ ಲ್ಯಾಪ್‌ಟಾಪ್‌ಗಳ ಅಂಗಡಿಗಳು. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಾಗಿ ಹೊರಹಾಕಿದ ಯಂತ್ರಗಳೇ ಇಲ್ಲಿ ಹೆಚ್ಚು. ಅವು ಗಟ್ಟಿಮುಟ್ಟು, ಮನೆಬಳಕೆಗೆಂದು ಮಾಡಿದ ಅಗ್ಗದ ಹೊಸದಕ್ಕಿಂತ ಮೇಲೆಂದೇ ನನ್ನ ಅಭಿಪ್ರಾಯ.

ಮೊದಲ ಅಂಗಡಿಯ ಯಂತ್ರ ಹೊಸದರಂತೆ ಹೊಳೆಯುತ್ತಿತ್ತು, ಬೆಲೆ 15,000. ನಾನು ಹಣಕ್ಕೆ ಕೈ ಹಾಕಿದ್ದೆ. "ತಾಳಿ ಮಾವ" ಎಂದ ಹುಡುಗಿ ಅದನ್ನು ಆರಿಸಿ, ಮತ್ತೆ ಹಚ್ಚುವಾಗ ಎಫ್‌2 ಕೀಲಿ ಒತ್ತಿದಳು. ಪರದೆ ಗುಪ್ತಪದ ಕೇಳಿತು. ಅಂಗಡಿಯವನಿಗೆ ಅದು ತಿಳಿದಿರಲಿಲ್ಲ. ಅದರ ಅಗತ್ಯವೇ ಬೀಳದೆಂದು ತಮಿಳಿನಲ್ಲಿ ಸಮಾಧಾನ ಹೇಳಿದ. ಹಿಂದಿನ ಒಡೆಯ ಹಾಕಿದ ಬೀಗ ತೆರೆಯದಿದ್ದರೆ, ನಾಳೆ ವಿಂಡೋಸ್ ಕೆಟ್ಟಾಗ ಹೊಸದಾಗಿ ತುಂಬುವುದೇ ಕಷ್ಟ. ಅದಕ್ಕಿಂತ ಮುಖ್ಯವಾಗಿ, ವಸ್ತು ಅಲ್ಲಿಗೆ ನೇರ ಹಾದಿಯಲ್ಲಿ ಬಂದಿತೋ ಇಲ್ಲವೋ ಎಂಬ ಸಂಶಯ. ಎದ್ದುಬಂದೆವು.

ಎರಡನೆಯದು ಮಹಡಿಯ ಮೇಲಿನ ಇಕ್ಕಟ್ಟಾದ ಕೋಣೆ. ಅಲ್ಲಿನ ಹಿರಿಯರು ತಾವಾಗಿಯೇ ಬ್ಯಾಟರಿಯ ವರದಿ ತೆಗೆದು ತೋರಿಸಿದರು: ತಯಾರಾದಾಗಿನ ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಉಳಿದಿತ್ತು. ಅದನ್ನು ಮುಚ್ಚಿಡದ್ದರಿಂದಲೇ ನನಗೆ ನಂಬಿಕೆ ಹುಟ್ಟಿತು. ಇಂಟೆಲ್‌ನ ಎಂಟನೆಯ ತಲೆಮಾರಿನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಸಾಮಾನ್ಯವಾಗಿ ಎಂಟಕ್ಕಿಂತ ಹಿಂದಿನ ತಲೆಮಾರುಗಳನ್ನು ಒಪ್ಪದು. ಏಳನೆಯದು ಎರಡು ಸಾವಿರ ಕಡಿಮೆಗೆ ಸಿಗುತ್ತದೆಂದು ಆಸೆಪಡುವವರು ಇದನ್ನು ಗಮನಿಸಬೇಕು.

ಹುಡುಗಿ ಕನ್ನಡ ಕೀಲಿಮಣೆಯನ್ನು ಸೇರಿಸಿ ಊರಿನ ಹೆಸರು, ಅಪ್ಪನ ಹೆಸರು ಬರೆದಳು. ಒತ್ತಕ್ಷರ ಸರಿಯಾಗಿ ಮೂಡಿದವು. ಹಿರಿಯರು ಬಗ್ಗಿ ನೋಡಿ, ತಮ್ಮ ಮನೆಮಾತೂ ಕನ್ನಡವೇ, ಆದರೆ ಓದಲು ಬಾರದೆಂದರು. ದೇವಾಂಗದವರಂತೆ. ಆ ಮಾತಿನಲ್ಲಿ ತಮಿಳು ಬೆರೆತಿದ್ದರೂ ನಮಗೆ ಒಂದಕ್ಷರವೂ ತಪ್ಪಿಹೋಗಲಿಲ್ಲ.

18,500ಕ್ಕೆ ಕುದುರಿತು. ಯಂತ್ರದ ತಳದಲ್ಲಿದ್ದ ಕ್ರಮಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಕೊಂಡೆವು. ಮೂರು ತಿಂಗಳ ಖಾತರಿಯನ್ನೂ ಬಾಯಿಮಾತಿಗೆ ಬಿಡದೆ ಬರೆಸಿದೆವು.

ಕತ್ತಲಾಗುವ ಮುನ್ನ ಘಟ್ಟ ಹತ್ತುವ ಬಸ್ಸು ಹಿಡಿಯುವ ಅವಸರವಿತ್ತು. ತಿರುವು ತಿರುವಿಗೂ ವಾಲುವ ಬಸ್ಸಿನಲ್ಲಿ ಅವಳು ಚೀಲವನ್ನು ಮಡಿಲಿನಿಂದ ಕೆಳಗಿಡಲಿಲ್ಲ. ಮನೆಯಲ್ಲಿ ಭಾವ ಲ್ಯಾಪ್‌ಟಾಪನ್ನು ಆಮೇಲೆ ನೋಡಿದರು. ಮೊದಲು ಕೇಳಿದ್ದು ರಸೀದಿ.